ಒರೆಗಲ್ಲಿನ ಮೇಲೆ ಗ್ರಾಫಿಕ್ಸ್ ಕಾರ್ಡು

ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡುತ್ತಾರೆ. ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಒಡಕಿದ್ದರೆ ಸದ್ದೇ ಹೇಳಿಬಿಡುತ್ತದೆ. ಎರಡರಲ್ಲೂ ಪರೀಕ್ಷೆ ಚಿಕ್ಕದು, ತೀರ್ಪು ನಿಚ್ಚಳ. ಆದರೆ ಪರೀಕ್ಷೆಗೆ ಒಳಗಾಗುವ ವಸ್ತು ಒಂದು ಸೆಕೆಂಡಿನಲ್ಲಿ ಕೋಟ್ಯಂತರ ಲೆಕ್ಕಗಳನ್ನು ಮಾಡುವ ಯಂತ್ರವಾಗಿದ್ದು, ಅದರ ಒಡಕು ಹತ್ತು ಗಂಟೆಗೊಮ್ಮೆ ಒಂದೇ ಒಂದು ಲೆಕ್ಕದಲ್ಲಿ ಮಾತ್ರ ಕಾಣಿಸಿಕೊಳ್ಳುವಂಥದ್ದಾದರೆ ತಟ್ಟಿ ನೋಡುವ ಬಗೆ ಯಾವುದು?

ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡನ್ನು ತಯಾರಕರು ಗೊತ್ತುಪಡಿಸಿದ ವೇಗವನ್ನು ಮೀರಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಹಾಗೆ ಓಡಿಸಿದ ಕಾರ್ಡು ಸ್ಥಿರವಾಗಿದೆಯೇ ಎಂದು ಪರೀಕ್ಷಿಸುವ ಕೆಲಸ, ಮೇಲುನೋಟಕ್ಕೆ, ಕಂಪ್ಯೂಟರ್ ಆಟಗಳ ಹುಚ್ಚು ಹಿಡಿದ ಹುಡುಗರ ಹವ್ಯಾಸ. ಆದರೆ ಸುಮಾರು ಇಪ್ಪತ್ತೈದು ವರ್ಷಗಳ ಅದರ ಇತಿಹಾಸವನ್ನು ಹಿಂಬಾಲಿಸಿದರೆ ‘ಸ್ಥಿರ’ ಎಂಬ ಮಾತಿನ ಅರ್ಥವೇ ಮೂರು ಬಾರಿ ಬದಲಾದದ್ದು ಕಾಣುತ್ತದೆ. ಮೊದಲು ಅದಕ್ಕೆ ‘ಯಂತ್ರ ನಿಂತುಹೋಗದು’ ಎಂಬ ಅರ್ಥವಿತ್ತು. ಆಮೇಲೆ ‘ಚಿತ್ರದಲ್ಲಿ ಕಲೆ ಕಾಣದು’ ಎಂದಾಯಿತು. ಕೊನೆಗೆ ‘ಉತ್ತರ ತಪ್ಪಾಗದು’ ಎಂದಾಯಿತು. ಈ ಮೂರನೆಯ ಅರ್ಥಕ್ಕೆ ಬಂದು ಮುಟ್ಟುವ ಹೊತ್ತಿಗೆ ಪ್ರಶ್ನೆ ಆಟದ ಅಂಗಳವನ್ನು ದಾಟಿ ವಿಜ್ಞಾನದ ಅಂಗಳಕ್ಕೆ ಕಾಲಿಟ್ಟಿತ್ತು.

ಮೊದಲು ಯಂತ್ರದ ಮಾತು. ಚಿಪ್ಪಿನೊಳಗಿನ ಎಲ್ಲ ಕೆಲಸವೂ ಒಂದು ತಾಳಕ್ಕೆ ಕಟ್ಟುಬಿದ್ದು ನಡೆಯುತ್ತದೆ. ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವೆ ವಿದ್ಯುತ್ ಸಂಕೇತವು ಟ್ರಾನ್ಸಿಸ್ಟರುಗಳ ಸಾಲನ್ನು ದಾಟಿ ಗುರಿ ಸೇರಿರಬೇಕು. 1996ರಲ್ಲಿ ಬಂದ ತ್ರೀಡಿಎಫ್ಎಕ್ಸ್ ಕಂಪನಿಯ ವೂಡೂ ಕಾರ್ಡಿನ ತಾಳ ಸೆಕೆಂಡಿಗೆ 5 ಕೋಟಿ ಬಡಿತ, ಅಂದರೆ 50 ಮೆಗಾಹರ್ಟ್ಸ್. 1999ರಲ್ಲಿ ಎನ್‌ವಿಡಿಯಾ ತಂದ ಜೀಫೋರ್ಸ್ 256ರದು 120 ಮೆಗಾಹರ್ಟ್ಸ್. 2022ರ ಆರ್‌ಟಿಎಕ್ಸ್ 4090ರದು 2,520 ಮೆಗಾಹರ್ಟ್ಸ್. ಅದರ ಚಿಪ್ಪಿನಲ್ಲಿ 7,600 ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರುಗಳಿವೆ. ಅಲ್ಲಿ ಎರಡು ಬಡಿತಗಳ ನಡುವಿನ ಅವಧಿಯಲ್ಲಿ ಬೆಳಕು ಕೂಡ ಹನ್ನೆರಡು ಸೆಂಟಿಮೀಟರಿಗಿಂತ ಹೆಚ್ಚು ದೂರ ಸಾಗಲಾರದು. ತಾಳವನ್ನು ಇನ್ನಷ್ಟು ಬಿರುಸುಗೊಳಿಸಿದರೆ, ಚಿಪ್ಪಿನಲ್ಲಿ ಅತ್ಯಂತ ಉದ್ದನೆಯ ದಾರಿ ಹಿಡಿದ ಸಂಕೇತ ತಡವಾಗಿ ಬರುತ್ತದೆ. ಆಗ ಒಂದು ಇರಬೇಕಾದಲ್ಲಿ ಸೊನ್ನೆ ದಾಖಲಾಗುತ್ತದೆ. ಕೆಳಗಿನ ಕಾಲದಲ್ಲಿ ತಪ್ಪಿಲ್ಲದೆ ಹಾಡುವ ಗಾಯಕನೂ ಮೂರನೆಯ ಕಾಲದಲ್ಲಿ ಒಂದು ಸ್ವರವನ್ನು ನುಂಗಿಬಿಡುವುದುಂಟು, ಇದು ಅಂಥದೇ.

ಹಾಗಿದ್ದರೂ ತಾಳವನ್ನು ಏರಿಸಲು ಅವಕಾಶವಾದರೂ ಏಕಿರುತ್ತದೆ? ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳು ಒಂದರಂತೆ ಇನ್ನೊಂದಿರುವುದಿಲ್ಲ. ತಯಾರಕರು ಅವುಗಳಲ್ಲಿ ದುರ್ಬಲವಾದದ್ದೂ, ಸೆಕೆಯ ಊರಿನ ಗಾಳಿಯಾಡದ ಪೆಟ್ಟಿಗೆಯಲ್ಲಿ, ವರ್ಷಗಳ ಕಾಲ ತಪ್ಪದೆ ನಡೆಯುವಂತೆ ವೇಗವನ್ನು ನಿಗದಿಮಾಡುತ್ತಾರೆ. ಹೀಗೆ ಉಳಿದ ಅಂಚು, ಒಳ್ಳೆಯ ಚಿಪ್ಪು ಸಿಕ್ಕವನ ಪಾಲಿಗೆ ಪುಕ್ಕಟೆ ವೇಗ. 1998ರಲ್ಲಿ ಇಂಟೆಲ್ ತಂದ ಸೆಲೆರಾನ್ 300ಎ ಪ್ರೊಸೆಸರು ಇದಕ್ಕೆ ಹೆಸರುವಾಸಿಯಾದ ಉದಾಹರಣೆ. ಮದರ್‌ಬೋರ್ಡಿನ ತಾಳವನ್ನು 66ರಿಂದ 100 ಮೆಗಾಹರ್ಟ್ಸಿಗೆ ಬದಲಿಸಿದರೆ 300 ಮೆಗಾಹರ್ಟ್ಸಿನ ಅಗ್ಗದ ಚಿಪ್ಪು 450ರಲ್ಲಿ ಓಡುತ್ತಿತ್ತು. ಓವರ್‌ಕ್ಲಾಕಿಂಗ್ ಹವ್ಯಾಸವನ್ನು ಮನೆಮನೆಗೆ ತಲುಪಿಸಿದ ಚಿಪ್ಪುಗಳಲ್ಲಿ ಅದೂ ಒಂದು. ಗ್ರಾಫಿಕ್ಸ್ ಕಾರ್ಡುಗಳು ಆ ದಾರಿಯನ್ನೇ ಹಿಡಿದವು.

ಪುಕ್ಕಟೆ ಎಂದರೂ ಬೆಲೆಯಿದೆ. ತಡವಾಗುವ ಸಂಕೇತವನ್ನು ಚುರುಕುಗೊಳಿಸಲು ವೋಲ್ಟೇಜ್ ಏರಿಸಬೇಕು. ಚಿಪ್ಪು ನುಂಗುವ ವಿದ್ಯುತ್ತು ತಾಳದ ವೇಗಕ್ಕೆ ನೇರ ಅನುಪಾತದಲ್ಲಿ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ಎರಡನ್ನೂ ಶೇ. 10ರಷ್ಟು ಏರಿಸಿದರೆ ವಿದ್ಯುತ್ತಿನ ಖರ್ಚು ಶೇ. 33ರಷ್ಟು ಏರಿತು. ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಶಾಖ ಏರಿದರೆ ಸಂಕೇತಗಳ ಚುರುಕು ಮತ್ತೆ ಕುಗ್ಗುತ್ತದೆ. ಈ ಸುತ್ತಿನಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯಲು ಪರೀಕ್ಷೆ ಬೇಕಾಯಿತು.

ಮೊದಲ ಕಾಲದ ಪರೀಕ್ಷಾಸಾಧನ ಮನುಷ್ಯನ ಕಣ್ಣು. ತಾಳವನ್ನು ಕೊಂಚ ಏರಿಸುವುದು, ಒಂದು ಆಟವನ್ನು ಗಂಟೆಗಟ್ಟಲೆ ಆಡುವುದು, ಯಂತ್ರ ಸ್ತಬ್ಧವಾದರೆ ಒಂದು ಹೆಜ್ಜೆ ಹಿಂದೆ ಸರಿಯುವುದು. 1998ರ ಕೊನೆಯಲ್ಲಿ ಫಿನ್ಲೆಂಡಿನಿಂದ ಬಂದ 3ಡಿಮಾರ್ಕ್ ತಂತ್ರಾಂಶ, ಎಲ್ಲರೂ ಒಂದೇ ದೃಶ್ಯವನ್ನು ಓಡಿಸಿ ಅಂಕಗಳನ್ನು ಹೋಲಿಸುವ ವ್ಯವಸ್ಥೆಯನ್ನು ಒದಗಿಸಿತು. ಅದು ಮೂಲತಃ ವೇಗವನ್ನು ಅಳೆಯುವ ಸಾಧನ. ಜನ ಅದನ್ನು ಮತ್ತೆ ಮತ್ತೆ ಓಡಿಸಿ ಸ್ಥಿರತೆಯ ಪರೀಕ್ಷೆಯನ್ನಾಗಿ ಮಾಡಿಕೊಂಡರು. ಕಣ್ಣಿಗೂ ಕ್ರಮೇಣ ಪಳಗಿಕೆ ಬಂತು. ಪರದೆಯ ಮೇಲೆ ಚುಕ್ಕಿಗಳು ಮಿನುಗಿದರೆ ಮೆಮೊರಿಯ ತಾಳ ಹೆಚ್ಚಾಗಿರಬಹುದು, ಆಕೃತಿಗಳ ಮೂಲೆಗಳು ಮುಳ್ಳಿನಂತೆ ಚಾಚಿಕೊಂಡರೆ ಚಿಪ್ಪಿನ ತಾಳ ಹೆಚ್ಚಾಗಿರಬಹುದು ಎಂದು ಹವ್ಯಾಸಿಗಳು ಗುರುತು ಹಿಡಿಯತೊಡಗಿದರು. ಇಂಥ ಕಲೆಗಳಿಗೆ ಆರ್ಟಿಫ್ಯಾಕ್ಟ್ ಎಂಬ ಹೆಸರು ಬಳಕೆಗೆ ಬಂತು.

ಆದರೆ ಕಣ್ಣು ಉದಾರಿ. ಒಂದು ಸಾಮಾನ್ಯ ಪರದೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ. ಸೆಕೆಂಡಿಗೆ ಅರವತ್ತು ಚಿತ್ರಗಳು ಸರಿದುಹೋಗುತ್ತವೆ. ಒಂದು ಚುಕ್ಕಿ ಒಮ್ಮೆ ಬಣ್ಣ ತಪ್ಪಿದರೆ ಅದನ್ನು ಯಾರೂ ಕಾಣಲಾರರು. ಈ ಕೊರತೆಯನ್ನು ತುಂಬಲು 2000ರ ದಶಕದ ನಡುವಣ ವರ್ಷಗಳಲ್ಲಿ ಎಟಿಐಟೂಲ್ ಎಂಬ ತಂತ್ರಾಂಶ ಜನಪ್ರಿಯವಾಯಿತು. ಅದು ರೋಮ ಹೊದ್ದ ಒಂದು ಘನಾಕೃತಿಯನ್ನು ತಿರುಗಿಸುತ್ತ, ಬಂದ ಚಿತ್ರದಲ್ಲಿ ಇರಬಾರದ ಚುಕ್ಕಿಗಳೇನಾದರೂ ಇವೆಯೇ ಎಂದು ತಾನೇ ಎಣಿಸುತ್ತಿತ್ತು. ಕಣ್ಣಿನ ಕೆಲಸ ಯಂತ್ರಕ್ಕೆ ಹೋಯಿತು. ‘ಸ್ಥಿರ’ ಎಂಬ ಮಾತಿಗೆ ಎರಡನೆಯ ಅರ್ಥ ಬಂದದ್ದು ಇಂಥ ಸಾಧನಗಳಿಂದ.

ರೋಮವೇ ಏಕೆ? ರೋಮವನ್ನು ಚಿತ್ರಿಸಲು ಒಂದರ ಮೇಲೊಂದು ಹತ್ತಾರು ಪಾರದರ್ಶಕ ಪದರಗಳನ್ನು ಹಾಸಬೇಕು. ಒಂದೇ ಚುಕ್ಕಿಯನ್ನು ಮತ್ತೆ ಮತ್ತೆ ಬರೆಯಬೇಕಾಗಿ ಚಿಪ್ಪಿನ ಲೆಕ್ಕದ ಘಟಕಗಳಿಗೆ ಬಿಡುವೇ ಸಿಗುವುದಿಲ್ಲ. 2007ರಲ್ಲಿ ಬಂದ ಫರ್‌ಮಾರ್ಕ್ ಈ ಗುಣವನ್ನು ಕೊನೆಯವರೆಗೆ ಎಳೆಯಿತು. ರೋಮದ ಒಂದು ಉಂಗುರ ಪರದೆಯಲ್ಲಿ ತಿರುಗುತ್ತಿದ್ದರೆ ಕಾರ್ಡು ಯಾವ ಆಟದಲ್ಲೂ ನುಂಗದಷ್ಟು ವಿದ್ಯುತ್ತನ್ನು ನುಂಗುತ್ತಿತ್ತು. ಇಲ್ಲಿಂದ ಮುಂದೆ ಪರೀಕ್ಷಿಸುವವನಿಗೂ ತಯಾರಕನಿಗೂ ಹಗ್ಗಜಗ್ಗಾಟ ಶುರುವಾಯಿತು.

ಈ ಜಗ್ಗಾಟಕ್ಕೆ ಒಂದು ಪೂರ್ವಕಥೆಯಿದೆ. 2003ರ ಮೇ ತಿಂಗಳಲ್ಲಿ 3ಡಿಮಾರ್ಕಿನ ತಯಾರಕರಾದ ಫ್ಯೂಚರ್‌ಮಾರ್ಕ್, ಎನ್‌ವಿಡಿಯಾದ ಡ್ರೈವರ್ ತಂತ್ರಾಂಶವು ತಮ್ಮ ಪರೀಕ್ಷೆಯನ್ನು ಗುರುತು ಹಿಡಿದು ಅಡ್ಡದಾರಿಗಳನ್ನು ಬಳಸುತ್ತಿದೆ ಎಂದು ವರದಿ ಹೊರಡಿಸಿದರು. ಕ್ಯಾಮೆರಾ ಸಾಗುವ ದಾರಿ ಮೊದಲೇ ಗೊತ್ತಿದ್ದುದರಿಂದ, ಆ ದಾರಿಯಲ್ಲಿ ಕಾಣದ ಭಾಗಗಳ ಕೆಲಸವನ್ನು ಡ್ರೈವರು ಬಿಟ್ಟುಬಿಡುತ್ತಿತ್ತು. ಗುರುತು ಹಿಡಿಯಲಾಗದಂತೆ ಪರೀಕ್ಷೆಯನ್ನು ತಿದ್ದಿದಾಗ ಜೀಫೋರ್ಸ್ ಎಫ್ಎಕ್ಸ್ 5900 ಅಲ್ಟ್ರಾದ ಅಂಕ ಶೇ. 24.1ರಷ್ಟು ಕುಸಿಯಿತು. ಎಟಿಐಯ ರೇಡಿಯಾನ್ 9800 ಪ್ರೋ ಕೂಡ ಶೇ. 1.9ರಷ್ಟು ಇಳಿಯಿತು. ಮುಂದಿನ ತಿಂಗಳೇ ಫ್ಯೂಚರ್‌ಮಾರ್ಕ್ ಎನ್‌ವಿಡಿಯಾದೊಡನೆ ಜಂಟಿ ಹೇಳಿಕೆ ಕೊಟ್ಟು ತನ್ನ ಮಾತಿನ ಖಾರವನ್ನು ತಗ್ಗಿಸಿತು. ಪ್ರಶ್ನೆಪತ್ರಿಕೆ ಮೊದಲೇ ತಿಳಿದಿದ್ದರೆ ಪರೀಕ್ಷೆ ಯಾರನ್ನು ಅಳೆಯುತ್ತದೆ ಎಂಬ ಪ್ರಶ್ನೆ ಮಾತ್ರ ಉಳಿದುಕೊಂಡಿತು.

ಫರ್‌ಮಾರ್ಕಿನ ವಿಷಯದಲ್ಲಿ ಅದೇ ಪ್ರಶ್ನೆ ತಿರುಗಿ ಬಂತು. 2008ರಲ್ಲಿ ಎಟಿಐಯ ಡ್ರೈವರು ಫರ್‌ಮಾರ್ಕನ್ನು ಅದರ ಕಡತದ ಹೆಸರಿನಿಂದ ಗುರುತಿಸಿ ಕಾರ್ಡಿನ ವೇಗವನ್ನು ತಗ್ಗಿಸತೊಡಗಿತು. ಕಡತದ ಹೆಸರು ಬದಲಿಸಿದರೆ ತಡೆ ಮಾಯವಾಗುತ್ತಿತ್ತು. 2010ರ ನವೆಂಬರಿನಲ್ಲಿ ಬಂದ ಎನ್‌ವಿಡಿಯಾ ಜಿಟಿಎಕ್ಸ್ 580 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿದ್ಯುತ್ತನ್ನು ಅಳೆಯುವ ಪ್ರತ್ಯೇಕ ಬಿಡಿಭಾಗಗಳನ್ನು ಹಲಗೆಯ ಮೇಲೆಯೇ ಕೂರಿಸಿ, ಫರ್‌ಮಾರ್ಕ್ ಹಾಗೂ ಓಸಿಸಿಟಿ ಎಂಬ ಪರೀಕ್ಷೆಗಳು ಓಡುವಾಗ ವೇಗವನ್ನು ಕತ್ತರಿಸಿತು. ಇಂಥ ಪರೀಕ್ಷೆಗಳನ್ನು ತಯಾರಕರು ‘ಪವರ್ ವೈರಸ್’ ಎಂದು ಜರೆದರು.

ತಯಾರಕರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಸೇತುವೆಯ ತಾಕತ್ತನ್ನು ಅದರ ಮೇಲೆ ಎಂದೂ ಓಡಾಡದಷ್ಟು ಲಾರಿಗಳನ್ನು ನಿಲ್ಲಿಸಿ ನೋಡುವುದು ನ್ಯಾಯವೇ ಎಂದು ಅವರ ಪ್ರಶ್ನೆ. ಪರೀಕ್ಷಿಸುವವನ ಉತ್ತರವೂ ಅಷ್ಟೇ ನೇರ: ಕಾರ್ಡು ನನ್ನದು, ಅದರ ಮಿತಿ ನನಗೆ ತಿಳಿಯಬೇಕು, ಹೆಸರು ನೋಡಿ ನಡತೆ ಬದಲಿಸುವ ಯಂತ್ರವನ್ನು ನಂಬುವುದೆಂತು? ಇಬ್ಬರ ಮಾತಿಗೂ 2011ರ ಮಾರ್ಚಿನಲ್ಲಿ ಪುರಾವೆ ಸಿಕ್ಕಿತು. ಆಗ ತಾನೇ ಬಿಡುಗಡೆಯಾದ ಎರಡು ಚಿಪ್ಪುಗಳ ಜಿಟಿಎಕ್ಸ್ 590 ಕಾರ್ಡುಗಳು, ವೋಲ್ಟೇಜ್ ಏರಿಸಿ ಪರೀಕ್ಷಿಸಿದ ಕೆಲವು ವಿಮರ್ಶಕರ ಮೇಜಿನ ಮೇಲೆಯೇ ಸುಟ್ಟುಹೋದವು. ಒರೆಗಲ್ಲು ಚಿನ್ನವನ್ನು ಕರಗಿಸುವುದಿಲ್ಲ. ಈ ಪರೀಕ್ಷೆ ವಸ್ತುವನ್ನೇ ನುಂಗಬಲ್ಲುದು.

ಮುಂದೆ ಎರಡು ಬದಲಾವಣೆಗಳು ಹಳೆಯ ಪರೀಕ್ಷೆಗಳನ್ನು ಸದ್ದಿಲ್ಲದೆ ಮೊಂಡಾಗಿಸಿದವು. ಮೊದಲನೆಯದು ಮೆಮೊರಿಯದು. ಜಿಡಿಡಿಆರ್5 ಮೆಮೊರಿಯನ್ನು ಬಳಸಿದ 2009ರ ರೇಡಿಯಾನ್ ಎಚ್‌ಡಿ 5870ರಲ್ಲಿ, ಮೆಮೊರಿಗೂ ಚಿಪ್ಪಿಗೂ ನಡುವೆ ದತ್ತಾಂಶ ಸಾಗುವಾಗ ಕೆಟ್ಟರೆ ಅದನ್ನು ಪತ್ತೆಹಚ್ಚಿ ಮತ್ತೊಮ್ಮೆ ಕಳಿಸುವ ಏರ್ಪಾಡಿತ್ತು. ಆದ್ದರಿಂದ ಮೆಮೊರಿಯ ತಾಳವನ್ನು ಮಿತಿಮೀರಿ ಏರಿಸಿದಾಗ ಪರದೆಯಲ್ಲಿ ಚುಕ್ಕಿಗಳು ಮಿನುಗುವ ಬದಲು ಕಾರ್ಡಿನ ವೇಗವೇ ಇಳಿಯುತ್ತಿತ್ತು, ಏಕೆಂದರೆ ಒಂದೇ ಸರಕನ್ನು ಎರಡೆರಡು ಬಾರಿ ಸಾಗಿಸಬೇಕಾಗುತ್ತಿತ್ತು. ಇಲ್ಲಿ ಕಲೆಯನ್ನು ಹುಡುಕುವವನಿಗೆ ಏನೂ ಸಿಗದು; ವೇಗವನ್ನು ಅಳೆದು ನೋಡಿದವನಿಗೆ ಮಾತ್ರ ಸತ್ಯ ತಿಳಿಯುತ್ತದೆ.

ಎರಡನೆಯದು ತಾಳದ್ದೇ. 2012ರ ಜಿಟಿಎಕ್ಸ್ 680ರಿಂದ ಎನ್‌ವಿಡಿಯಾ ಕಾರ್ಡುಗಳು ತಮ್ಮ ತಾಳವನ್ನು ತಾವೇ ಏರಿಳಿಸತೊಡಗಿದವು. ಅದರ ಮೂಲ ವೇಗ 1,006 ಮೆಗಾಹರ್ಟ್ಸ್, ವಿದ್ಯುತ್ತಿನ ಮಿತಿಯಲ್ಲಿ ಅವಕಾಶವಿದ್ದರೆ 1,058 ಅಥವಾ ಅದಕ್ಕೂ ಮೇಲೆ. ಭಾರ ಹೆಚ್ಚಾದರೆ ಕಾರ್ಡು ತಾಳವನ್ನು ಇಳಿಸಿಕೊಳ್ಳುತ್ತದೆ. ಪರಿಣಾಮ ವಿಚಿತ್ರ. ಫರ್‌ಮಾರ್ಕಿನಂಥ ಅತಿ ಭಾರದ ಪರೀಕ್ಷೆಯಲ್ಲಿ ಕಾರ್ಡು ತನ್ನ ಅತಿ ಹೆಚ್ಚಿನ ತಾಳವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಸುಲಭವಾಗಿ ಉತ್ತೀರ್ಣವಾಗುತ್ತದೆ. ಅದೇ ಕಾರ್ಡು ಹಗುರವಾದ ಒಂದು ಆಟದಲ್ಲಿ ತಾಳವನ್ನು ಶಿಖರಕ್ಕೇರಿಸಿಕೊಂಡು ಮುಗ್ಗರಿಸುತ್ತದೆ. ಭಾರೀ ಮೂಟೆ ಹೊತ್ತು ನಿಧಾನ ನಡೆದವನು ಎಡವಲಿಲ್ಲವೆಂದ ಮಾತ್ರಕ್ಕೆ ಬರಿಗೈಯಲ್ಲಿ ಓಡುವಾಗ ಎಡವಲಾರನೆಂದು ಹೇಳಲಾದೀತೆ? ಒಂದೇ ಪರೀಕ್ಷೆ ಸಾಲದು, ಬಗೆಬಗೆಯ ಭಾರಗಳು ಬೇಕು ಎಂಬ ತಿಳಿವಳಿಕೆ ಹುಟ್ಟಿದ್ದು ಇಲ್ಲಿ.

ಇಷ್ಟು ಹೊತ್ತು ನಾವು ಚಿತ್ರದ ಲೋಕದಲ್ಲಿದ್ದೆವು. ಈಗ ಇದೇ ಕಾಲಕ್ಕೆ ಬೇರೆಡೆ ಹರಿಯುತ್ತಿದ್ದ ಇನ್ನೊಂದು ಧಾರೆಯನ್ನು ನೋಡಬೇಕು: ಲೆಕ್ಕದ ಲೋಕ. 1994ರಲ್ಲಿ ಅಮೆರಿಕದ ವರ್ಜೀನಿಯಾದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ, ಅವಳಿ ಅವಿಭಾಜ್ಯ ಸಂಖ್ಯೆಗಳ ವಿಲೋಮಗಳನ್ನು ಕೂಡಿಸುತ್ತಿದ್ದಾಗ ಉತ್ತರ ತಾಳೆಯಾಗಲಿಲ್ಲ. ತಿಂಗಳುಗಟ್ಟಲೆ ತಡಕಾಡಿದ ಮೇಲೆ ತಪ್ಪು ಇಂಟೆಲ್ ಪೆಂಟಿಯಮ್ ಚಿಪ್ಪಿನ ಭಾಗಾಕಾರದಲ್ಲಿದೆ ಎಂದು ತಿಳಿಯಿತು. ಆ ಡಿಸೆಂಬರಿನಲ್ಲಿ ಇಂಟೆಲ್ ಕೇಳಿದವರಿಗೆಲ್ಲ ಚಿಪ್ಪು ಬದಲಿಸಿಕೊಡಲು ಒಪ್ಪಿತು; ಅದಕ್ಕಾಗಿ 47.5 ಕೋಟಿ ಡಾಲರ್ ವೆಚ್ಚ ತೋರಿಸಿತು. ಅದು ವಿನ್ಯಾಸದ ದೋಷ, ಓವರ್‌ಕ್ಲಾಕಿಂಗಿನಿಂದ ಆದದ್ದಲ್ಲ. ಆದರೆ ಒಂದು ಪಾಠ ಉಳಿಯಿತು: ಯಂತ್ರ ನಿಲ್ಲದೆ, ಕಂಪಿಸದೆ, ಪೂರ್ಣ ವಿಶ್ವಾಸದಿಂದ ತಪ್ಪು ಉತ್ತರ ಕೊಡಬಲ್ಲುದು.

ಎರಡು ವರ್ಷಗಳ ನಂತರ, 1996ರಲ್ಲಿ, ಜಾರ್ಜ್ ವೋಲ್ಟ್‌ಮನ್ ಜಿಂಪ್ಸ್ ಎಂಬ ಸಾಮೂಹಿಕ ಯೋಜನೆಯನ್ನು ಆರಂಭಿಸಿದರು. ಸಾವಿರಾರು ಜನರ ಕಂಪ್ಯೂಟರುಗಳ ಬಿಡುವಿನ ಹೊತ್ತನ್ನು ಬಳಸಿ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು, ಅಂದರೆ 2ರ ಯಾವುದೋ ಘಾತದಿಂದ 1 ಕಳೆದಾಗ ಸಿಗುವ ಅವಿಭಾಜ್ಯಗಳನ್ನು, ಹುಡುಕುವುದು ಅದರ ಗುರಿ. ವಾರಗಟ್ಟಲೆ ನಡೆಯುವ ಈ ಲೆಕ್ಕದಲ್ಲಿ ಒಂದು ಅಂಕೆ ತಪ್ಪಿದರೆ ಎಲ್ಲವೂ ವ್ಯರ್ಥ. ಅದಕ್ಕಾಗಿ ಅವರ ಪ್ರೈಮ್95 ತಂತ್ರಾಂಶದಲ್ಲಿ, ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಎಡೆಬಿಡದೆ ಮಾಡಿಸಿ ತಾಳೆ ನೋಡುವ ‘ಚಿತ್ರಹಿಂಸೆಯ ಪರೀಕ್ಷೆ’ ಎಂಬ ವಿಭಾಗವಿತ್ತು. ಓವರ್‌ಕ್ಲಾಕ್ ಮಾಡುವವರು ಅದನ್ನು ತಮ್ಮದಾಗಿಸಿಕೊಂಡರು.

ಎರಡು ಧಾರೆಗಳು ಕೂಡಿದ್ದು 2006ರಲ್ಲಿ. ಪ್ರೋಟೀನುಗಳು ಮಡಚಿಕೊಳ್ಳುವ ಬಗೆಯನ್ನು ಲೆಕ್ಕಹಾಕುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫೋಲ್ಡಿಂಗ್@ಹೋಮ್ ಯೋಜನೆ ಆ ವರ್ಷ ಗ್ರಾಫಿಕ್ಸ್ ಕಾರ್ಡುಗಳನ್ನು ಕೆಲಸಕ್ಕೆ ಹಚ್ಚಿತು. ಮರುವರ್ಷ ಎನ್‌ವಿಡಿಯಾದ ಕುಡಾ ಬಂತು. ಆಟಕ್ಕೆಂದು ಹುಟ್ಟಿದ ಕಾರ್ಡು ವಿಜ್ಞಾನದ ಕೂಲಿಯಾಯಿತು. ಆದರೆ ಅದರ ಮೆಮೊರಿಯಲ್ಲಿ ತಪ್ಪನ್ನು ಹಿಡಿದು ತಿದ್ದುವ ಏರ್ಪಾಡಿರಲಿಲ್ಲ. ಚಿತ್ರಕ್ಕೆ ಅದರ ಅಗತ್ಯವಿಲ್ಲವೆಂದು ತಯಾರಕರು ಬಿಟ್ಟಿದ್ದರು. ಹಾಗಾದರೆ ಅದರ ಲೆಕ್ಕವನ್ನು ಎಷ್ಟು ನಂಬಬಹುದು?

ಇಮ್ರಾನ್ ಹಕ್ ಮತ್ತು ವಿಜಯ್ ಪಾಂಡೆ ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡರು. ಮೆಮ್‌ಟೆಸ್ಟ್‌ಜಿ80 ಎಂಬ ಪರೀಕ್ಷೆಯನ್ನು ಬರೆದು, ಫೋಲ್ಡಿಂಗ್@ಹೋಮ್ ಜಾಲದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಓಡಿಸಿ, 2010ರಲ್ಲಿ ಪ್ರಬಂಧ ಪ್ರಕಟಿಸಿದರು. ತಮ್ಮ ಪ್ರಯೋಗಾಲಯದ ಹತೋಟಿಯಲ್ಲಿದ್ದ ಕಾರ್ಡುಗಳಲ್ಲಿ ಅವರಿಗೆ ಒಂದು ತಪ್ಪೂ ಸಿಗಲಿಲ್ಲ. ಆದರೆ ಜನರ ಮನೆಗಳಲ್ಲಿದ್ದ ಕಾರ್ಡುಗಳಲ್ಲಿ ಮೂರರಲ್ಲಿ ಎರಡು ಪಾಲು ಮೆಮೊರಿಯ ತಪ್ಪುಗಳನ್ನು ತೋರಿದವು. ಇದಕ್ಕೆಲ್ಲ ಓವರ್‌ಕ್ಲಾಕಿಂಗೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವಂತಿರಲಿಲ್ಲ. ಅದನ್ನೂ ಶಾಖವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ತಪ್ಪುಗಳು ಉಳಿದವು. ಅವು ಬಹುಮಟ್ಟಿಗೆ ಕಾರ್ಡಿನ ವಿನ್ಯಾಸವನ್ನು ಅವಲಂಬಿಸಿದ್ದವು. ಇವೇ ಕಾರ್ಡುಗಳ ಮೇಲೆ ಜನ ದಿನವೂ ಆಟವಾಡುತ್ತಿದ್ದರು. ಆಟಕ್ಕೆ ಅವು ಸಾಕಷ್ಟು ಸ್ಥಿರವಾಗಿದ್ದವು. ಪರೀಕ್ಷೆಯಲ್ಲಿ ತಪ್ಪು ಕಾಣಲಿಲ್ಲವೆಂಬುದಕ್ಕೂ ತಪ್ಪು ಇಲ್ಲವೆಂಬುದಕ್ಕೂ ನಡುವಿನ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳು ವಿರಳ. ವಿಜ್ಞಾನದ ಕೆಲಸಕ್ಕೆಂದು 2010ರಲ್ಲಿ ಬಂದ ಎನ್‌ವಿಡಿಯಾದ ಫರ್ಮಿ ಪೀಳಿಗೆಯ ಟೆಸ್ಲಾ ಕಾರ್ಡುಗಳಲ್ಲಿ ತಪ್ಪು ತಿದ್ದುವ ಮೆಮೊರಿ ಸೇರಿತು. 2020ರಲ್ಲಿ ಪುಣೆಯ ಸಿ-ಡ್ಯಾಕ್ ಕಟ್ಟಿದ ಪರಮ್ ಸಿದ್ಧಿ-ಎಐ ಗಣಕದಲ್ಲಿರುವ ಎ100 ಚಿಪ್ಪುಗಳು ಇದೇ ವಂಶದವು.

ಇನ್ನೊಂದು ಪರಿಹಾರ ಗಣಿತದಿಂದ ಬಂತು, ಮತ್ತು ಅದು ಪ್ರಶ್ನೆಯನ್ನೇ ಬದಲಿಸಿತು. 2017ರಲ್ಲಿ ರಾಬರ್ಟ್ ಗೆರ್ಬಿಟ್ಸ್ ಮರ್ಸೆನ್ ಸಂಖ್ಯೆಗಳ ಲೆಕ್ಕಕ್ಕೆ ಒಂದು ಹೊಸ ತಾಳೆಯನ್ನು ಸೂಚಿಸಿದರು. ಆ ಲೆಕ್ಕದ ತಿರುಳು ಇಷ್ಟು: 3ರಿಂದ ಹೊರಟು, ಬಂದ ಉತ್ತರವನ್ನು ಅದರಿಂದಲೇ ಗುಣಿಸುತ್ತ, ಪ್ರತಿ ಬಾರಿಯೂ ಪರೀಕ್ಷೆಗೊಳಗಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಳ್ಳುತ್ತ ಹೋಗುವುದು. ದಾರಿಯಲ್ಲಿ ಸಮಾನ ಅಂತರಗಳಲ್ಲಿ ಸಿಗುವ ಶೇಷಗಳನ್ನೆಲ್ಲ ಗುಣಿಸಿ ಇಟ್ಟುಕೊಂಡರೆ, ಒಂದು ಹಂತದ ಗುಣಲಬ್ಧಕ್ಕೂ ಮುಂದಿನ ಹಂತದ ಗುಣಲಬ್ಧಕ್ಕೂ ನಡುವೆ ನಿಶ್ಚಿತ ಸಂಬಂಧವೊಂದು ಇರಲೇಬೇಕು. ಆ ಸಂಬಂಧ ಮುರಿದಿದ್ದರೆ ನಡುವೆ ಎಲ್ಲೋ ಯಂತ್ರ ತಪ್ಪಿದೆ. ಹಿಂದಿನ ಸರಿಯಾದ ಹಂತಕ್ಕೆ ಮರಳಿ ಮತ್ತೆ ಹೊರಟರಾಯಿತು. ಇದಕ್ಕೆ ತಗಲುವ ಹೆಚ್ಚಿನ ಸಮಯ ಅತ್ಯಲ್ಪ. ಮಿಹಾಯ್ ಪ್ರೇದಾ ಇದನ್ನು ಗ್ರಾಫಿಕ್ಸ್ ಕಾರ್ಡುಗಳಿಗಾಗಿ ಬರೆದ ಜಿಪಿಯುಔಲ್ ತಂತ್ರಾಂಶದಲ್ಲಿ ಅಳವಡಿಸಿದರು. ಅದೇ ತಂತ್ರಾಂಶದ ನೆರವಿನಿಂದ ಲ್ಯೂಕ್ ಡ್ಯುರಾಂಟ್ 2024ರ ಅಕ್ಟೋಬರಿನಲ್ಲಿ ಹೊಸ ಮರ್ಸೆನ್ ಅವಿಭಾಜ್ಯವನ್ನು ಕಂಡುಹಿಡಿದರು: 2ರ ಘಾತ 136279841ರಿಂದ 1 ಕಳೆದ ಸಂಖ್ಯೆ. ಅದರಲ್ಲಿ 4,10,24,320 ಅಂಕೆಗಳಿವೆ. ಗ್ರಾಫಿಕ್ಸ್ ಚಿಪ್ಪುಗಳಿಂದ ದೊರೆತ ಮೊದಲ ಮರ್ಸೆನ್ ಅವಿಭಾಜ್ಯ ಇದು. ಡಬ್ಲಿನ್ನಿನ ಒಂದು ಎ100 ಚಿಪ್ಪು ಸುಳಿವು ಕೊಟ್ಟಿತು; ಟೆಕ್ಸಾಸಿನ ಒಂದು ಎಚ್100 ಚಿಪ್ಪು ಬೇರೊಂದು ವಿಧಾನದಿಂದ ದೃಢಪಡಿಸಿತು. ಹದಿಮೂರೂವರೆ ಕೋಟಿಗೂ ಮಿಕ್ಕ ಗುಣಾಕಾರಗಳ ಸರಣಿಯಲ್ಲಿ ಒಂದೂ ತಪ್ಪಿಲ್ಲವೆಂಬ ಭರವಸೆ ಬಂದದ್ದು ಯಂತ್ರವನ್ನು ಮೊದಲೇ ಒರೆಗೆ ಹಚ್ಚಿದ್ದರಿಂದ ಅಲ್ಲ, ಕೆಲಸವೇ ತನ್ನನ್ನು ತಾನು ಹೆಜ್ಜೆಹೆಜ್ಜೆಗೂ ಒರೆಗೆ ಹಚ್ಚಿಕೊಂಡದ್ದರಿಂದ.

ಎಲ್ಲ ಕೆಲಸಕ್ಕೂ ಇಂಥ ಭಾಗ್ಯವಿಲ್ಲ. ಕ್ರಿಪ್ಟೋ ನಾಣ್ಯದ ಗಣಿಗಾರಿಕೆಗೆ ಇತ್ತು: ಕಾರ್ಡು ಕೊಟ್ಟ ಉತ್ತರವನ್ನು ಕ್ಷಣದಲ್ಲಿ ತಾಳೆ ನೋಡಿ ತಪ್ಪಾದದ್ದನ್ನು ತಳ್ಳಿಹಾಕುತ್ತಿದ್ದರು. ಹಾಗಾಗಿ ಗಣಿಗಾರರು ಮೆಮೊರಿಯನ್ನು ಮಿತಿಯ ಅಂಚಿನವರೆಗೆ ಓಡಿಸಲು ಅಂಜುತ್ತಿರಲಿಲ್ಲ. 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ತನ್ನ ಪದ್ಧತಿಯನ್ನು ಬದಲಿಸಿದ ಮೇಲೆ ಅಂಥ ಕಾರ್ಡುಗಳು ಹಳೆಯ ಸರಕಿನ ಪೇಟೆಗೆ ಬಂದವು. ಆದರೆ ಪ್ರೋಟೀನಿನ ಲೆಕ್ಕಕ್ಕೆ, ಹವಾಮಾನದ ಮುನ್ಸೂಚನೆಗೆ, ಭಾಷೆಯ ಮಾದರಿಯೊಂದನ್ನು ಪಳಗಿಸುವ ವಿದ್ಯಾರ್ಥಿಯ ಪ್ರಬಂಧಕ್ಕೆ ಅಂಥ ಅಗ್ಗದ ತಾಳೆಯಿಲ್ಲ. ಅಲ್ಲಿ ತಪ್ಪು ಅಂಕೆಯೊಂದು ಸರಿ ಅಂಕೆಗಳ ಜೊತೆ ಕೂತು ಪ್ರಕಟವಾಗಿಬಿಡಬಹುದು.

ಈ ಬಳಗದ ಓದುಗರಲ್ಲಿ ಹಲವರಿಗೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್ ಪರಿಚಿತ. ಮನೆಯ ಮಗನೋ ಮಗಳೋ ಅಲ್ಲಿಂದ ಹಳೆಯ ಕಾರ್ಡೊಂದನ್ನು ತಂದರೆ, ಅರ್ಧ ಗಂಟೆ ರೋಮದ ಉಂಗುರ ತಿರುಗಿಸಿ ತೃಪ್ತಿಪಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇದರಿಂದ ಮಾಡಿಸುವ ಕೆಲಸ ಯಾವುದು? ಆಟಕ್ಕಾದರೆ, ಭಾರೀ ದೃಶ್ಯದ ಜೊತೆಗೆ ಹಗುರ ದೃಶ್ಯಗಳನ್ನೂ ಕೆಲವು ಗಂಟೆ ಓಡಿಸಿ ನೋಡಿದರೆ ಬಹುತೇಕ ಸಾಕು. ಲೆಕ್ಕಕ್ಕಾದರೆ ತಾಳವನ್ನು ತಯಾರಕರು ಗೊತ್ತುಪಡಿಸಿದಲ್ಲಿಗೆ ಇಳಿಸಿ, ಮೆಮೊರಿಯ ಪರೀಕ್ಷೆಯನ್ನು ರಾತ್ರಿಯಿಡೀ ನಡೆಸಬೇಕು. ಅಷ್ಟಾದ ಮೇಲೂ ಮುಖ್ಯವಾದ ಫಲಿತಾಂಶವನ್ನು ಇನ್ನೊಂದು ಯಂತ್ರದಲ್ಲಿ ಮತ್ತೊಮ್ಮೆ ಮಾಡಿ ನೋಡಬೇಕು. ಹೆಚ್ಚಿನ ವೇಗದಿಂದ ಉಳಿಯುವ ಹೊತ್ತು, ಆ ಎರಡನೆಯ ಲೆಕ್ಕಕ್ಕೆ ತಗಲುವ ಹೊತ್ತಿಗಿಂತ ಸಾಮಾನ್ಯವಾಗಿ ಬಹಳ ಕಡಿಮೆ.